ಬೆಲೆಯೂ ಮೌಲ್ಯವೂ

ಹರಾಜು ಎಂದೊಡನೆ ಅದಿಯಮಾನ್‌ಕೋಟೆಯ ನಮ್ಮಂಥವರ ಕಣ್ಣಮುಂದೆ ನಿಲ್ಲುವುದು ಹುಣಸೆಮರಗಳ ಹರಾಜು. ಜನ ಸೇರುವರು, ಕೂಗು ಏರುವುದು, ಮೂರನೆಯ ಸಲಕ್ಕೆ ಮುಗಿಯುವುದು. ಚಿತ್ರಗಳ ಹರಾಜೂ ಬಹುಕಾಲ ಹೀಗೆ ಸಭೆಯ ಎದುರಿನಲ್ಲೇ ನಡೆಯುತ್ತಿತ್ತು. 2020ರಲ್ಲಿ ಕೊರೋನಾ ಮಹಾಮಾರಿ ಸಭಾಂಗಣಗಳ ಬಾಗಿಲು ಮುಚ್ಚಿಸಿದಾಗ ಸದಬೀಸ್, ಕ್ರಿಸ್ಟೀಸ್ ಮುಂತಾದ ಹಳೆಯ ಸಂಸ್ಥೆಗಳು ಕಂಪ್ಯೂಟರಿನ ಪರದೆಯನ್ನೇ ಸಭೆಯಾಗಿಸಿಕೊಂಡವು. 2000ನೇ ಇಸವಿಯಲ್ಲಿ ಮುಂಬಯಿಯಲ್ಲಿ ಆರಂಭವಾದ ಸ್ಯಾಫ್ರನ್‌ಆರ್ಟ್ ಅಂತರ್ಜಾಲದ ಹರಾಜನ್ನು ಮೊದಲಿನಿಂದಲೇ ನೆಚ್ಚಿಕೊಂಡಿತ್ತು. ವ್ಯಾಪಾರ ಚೇತರಿಸಿಕೊಂಡಿತು, ಬೆಲೆಗಳೂ ಏರಿದವು. 2023ರ ಸೆಪ್ಟೆಂಬರಿನಲ್ಲಿ, ಅಮೃತಾ ಶೇರ್‌ಗಿಲ್ 1937ರಲ್ಲಿ ಬರೆದ ‘ದಿ ಸ್ಟೋರಿ ಟೆಲ್ಲರ್’ ಚಿತ್ರ ಈ ಸಂಸ್ಥೆಯ ದೆಹಲಿಯ ಹರಾಜಿನಲ್ಲಿ 61.8 ಕೋಟಿ ರೂಪಾಯಿಗೆ ಮಾರಾಟವಾಯಿತು. ಆ ಕಲಾವಿದೆ 1941ರಲ್ಲಿ, ತಮ್ಮ 28ನೆಯ ವಯಸ್ಸಿನಲ್ಲೇ ತೀರಿಕೊಂಡಿದ್ದರು. ಈ ಹಣದ ಒಂದು ಕಾಸೂ ಅವರ ಕೈ ಸೇರುವಂತಿರಲಿಲ್ಲ. ಹಾಗಾದರೆ ಈ ಬೆಲೆ ಕಲಾವಿದೆಯ ಶ್ರಮದ್ದೋ, ಕೊಳ್ಳುವವರ ಪೈಪೋಟಿಯದ್ದೋ?

ಈ ಪ್ರಶ್ನೆ ಕಳೆದ ವರ್ಷ ನಮ್ಮ ಮನೆಯ ಹೊಸ್ತಿಲನ್ನೇ ದಾಟಿ ಬಂದಿತು. ನಮ್ಮ ತಂದೆಯವರ ಕಾಲದ್ದೊಂದು ಶ್ರೀರಾಮ ಪಟ್ಟಾಭಿಷೇಕದ ಪಟವಿದೆ. ಮೊಮ್ಮಗನು ಮೊಬೈಲಿನಲ್ಲಿ ಅದರ ಫೋಟೊ ತೆಗೆದು, “ತಾತ, ಇದನ್ನು ಹರಾಜಿಗೆ ಇಡೋಣ. ಬಂದ ಹಣವನ್ನು ಮೂರು ಮನೆಗೂ ಸಮನಾಗಿ ಹಂಚಬಹುದು” ಎಂದನು. ಮಾತಿನಲ್ಲಿ ತಪ್ಪಿರಲಿಲ್ಲ. ಪಟವನ್ನು ಮೂರು ಪಾಲು ಮಾಡಲಾಗದು, ಹಣವನ್ನು ಮಾಡಬಹುದು. ಬೆಲೆ ಬಂದುದರಿಂದಲೇ ಅಟ್ಟದ ಮೇಲೆ ಗೆದ್ದಲಿಗೆ ಆಹಾರವಾಗಬೇಕಿದ್ದ ಎಷ್ಟೋ ಚಿತ್ರಗಳು ಉಳಿದಿವೆ. ಹರಾಜನ್ನು ಪಾಪವೆಂದು ನಾವು ಹೇಳಲಾರೆವು.

ಆದರೆ ನಮ್ಮೂರಿನ ಚೆನ್ನರಾಯ ಪೆರುಮಾಳ್ ಗುಡಿಯನ್ನು ನೆನೆಯಿರಿ. ಅಲ್ಲಿ ಮಂಟಪದ ಮೇಲ್ಛಾವಣಿಯಲ್ಲಿ ರಾಮಾಯಣ, ಮಹಾಭಾರತಗಳ ವರ್ಣಚಿತ್ರಗಳಿವೆ. ಅವಕ್ಕೆ ಬೆಲೆ ಕೂಗುವವರಿಲ್ಲ. ತಲೆಯೆತ್ತಿ ನೋಡಿದವರಿಗೆಲ್ಲ ಅವು ಪೂರ್ತಿಯಾಗಿ ದಕ್ಕುತ್ತವೆ. ಒಬ್ಬರು ನೋಡಿದರೆಂದು ಇನ್ನೊಬ್ಬರ ಪಾಲು ಕುಂದುವುದಿಲ್ಲ. ಹಣ ಹಂಚಿದಷ್ಟೂ ಕಿರಿದಾಗುವುದು, ನೋಟ ಹಾಗಲ್ಲ. ಬೆಲೆಗೂ ಮೌಲ್ಯಕ್ಕೂ ಇರುವ ಅಂತರ ನಮಗೆ ತಿಳಿದಮಟ್ಟಿಗೆ ಇದೇ.

ಪಟವನ್ನು ಮಾರಲಿಲ್ಲ. ವರ್ಷಕ್ಕೊಂದು ಮನೆಯಂತೆ ಮೂರು ಮನೆಗಳಲ್ಲೂ ಇರಲೆಂದು ಗೊತ್ತುಮಾಡಿದೆವು. ಮೊಮ್ಮಗನಿಗೆ ಇನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ. ಮುಂದೊಂದು ದಿನ ಯಾರದೋ ಚಿಕಿತ್ಸೆಗೆ, ಮಗುವಿನ ಓದಿಗೆ ಹಣ ಬೇಕಾದರೆ ಮಾರುವುದು ಅಧರ್ಮವಲ್ಲವೆಂದೂ ಅವನಿಗೆ ಹೇಳಿದ್ದೇವೆ. ಕೇಳಿಕೊಂಡದ್ದು ಒಂದೇ: ಮಾರುವ ಮುನ್ನ ಒಮ್ಮೆಯಾದರೂ ಅದರ ಮುಂದೆ ಕುಳಿತು ಕಣ್ತುಂಬ ನೋಡಿರಬೇಕು.