ಆಯುಷ್ಯದ ಆಸೆ ಮತ್ತು ಸಮಾಧಿಮರಣ

|| ಶ್ರೀ ವೀತರಾಗಾಯ ನಮಃ ||



ವಾರ್ಷಿಕೋತ್ಸವದ ಶುಭಸಂದರ್ಭದಲ್ಲಿ ಮರಣದ ವಿಷಯವನ್ನು ಎತ್ತಿಕೊಳ್ಳುವುದು ಕೆಲವರಿಗೆ ಅಮಂಗಳವೆಂದು ತೋರಬಹುದು. ಆದರೆ ನಮ್ಮ ಆಚಾರ್ಯರು ಬೋಧಿಸಿದ ಹನ್ನೆರಡು ಭಾವನೆಗಳಲ್ಲಿ ಮೊದಲನೆಯದು ಅನಿತ್ಯ ಭಾವನೆ, ಎರಡನೆಯದು ಅಶರಣ ಭಾವನೆ. ಹುಟ್ಟಿದ್ದು ಉಳಿಯದು, ಸಾವಿನಿಂದ ಕಾಯುವವರು ಯಾರೂ ಇಲ್ಲ ಎಂಬ ಸತ್ಯವನ್ನು ಅರಿತ ಮೇಲೆಯೇ ಧರ್ಮದ ಮೊದಲ ಮೆಟ್ಟಿಲು.

ಆದರೂ ಮನುಷ್ಯನು ಆಯುಷ್ಯದ ಆಸೆಯನ್ನು ಬಿಟ್ಟವನಲ್ಲ. ಎರಡು ಸಾವಿರ ವರ್ಷಗಳಿಗೂ ಹಿಂದೆ ಚೀನಾದ ಮೊದಲ ಚಕ್ರವರ್ತಿಯು ಅಮೃತವನ್ನು ಹುಡುಕಿ ತರಲು ಸಮುದ್ರದಾಚೆಗೆ ಹಡಗುಗಳನ್ನು ಕಳುಹಿಸಿದನು. ಐವತ್ತರ ಆಸುಪಾಸಿನಲ್ಲಿಯೇ ಕಾಲವಶನಾದನು. 1967ರಲ್ಲಿ ಅಮೇರಿಕೆಯ ನಿವೃತ್ತ ಪ್ರಾಧ್ಯಾಪಕರೊಬ್ಬರ ದೇಹವನ್ನು, ಮುಂದೊಂದು ಕಾಲಕ್ಕೆ ಜೀವ ಬರಿಸಬಹುದೆಂಬ ಆಸೆಯಿಂದ, ಅತಿಶೀತದಲ್ಲಿ ಕಾಪಿಡಲಾಯಿತು. ಆ ದೇಹ ಇನ್ನೂ ಹಾಗೆಯೇ ಇದೆ; ಹೋದ ಜೀವ ಬಂದಿಲ್ಲ. ದಾಖಲೆಯುಳ್ಳವರಲ್ಲಿ ಅತಿ ಹೆಚ್ಚು ಕಾಲ ಬಾಳಿದ ಫ್ರಾನ್ಸಿನ ಮಹಿಳೆಯೂ 122ನೆಯ ವಯಸ್ಸಿನಲ್ಲಿ, 1997ರಲ್ಲಿ, ದೇಹವನ್ನು ಬಿಡಲೇಬೇಕಾಯಿತು.

ಹಾಗೆಂದು ವೈದ್ಯವಿಜ್ಞಾನವನ್ನು ಹಳಿಯಬಾರದು. ಸ್ವಾತಂತ್ರ್ಯ ಬಂದಾಗ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷವಾಗಿತ್ತು. ಇಂದು 70ರ ಸುತ್ತಮುತ್ತ ಇದೆ. ಲಸಿಕೆ, ಶುದ್ಧ ನೀರು, ಔಷಧಿಗಳಿಂದ ಎಷ್ಟೋ ತಾಯಂದಿರ, ಶಿಶುಗಳ ಪ್ರಾಣ ಉಳಿಯಿತು. ಚತುರ್ವಿಧ ದಾನಗಳಲ್ಲಿ ಔಷಧದಾನಕ್ಕೆ ಸ್ಥಾನವಿರುವುದು ಇದಕ್ಕಾಗಿಯೇ. ಚಿಕಿತ್ಸೆ ತಪ್ಪಲ್ಲ, ಮುಗಿದ ಲೆಕ್ಕವನ್ನು ಮುಗಿದಿಲ್ಲವೆಂದು ಹಿಡಿದು ಕೂರುವುದು ಮೋಹ.

ಆಯುಕರ್ಮವೆಂಬುದು ನಮ್ಮ ಎಂಟು ಕರ್ಮಗಳಲ್ಲಿ ಒಂದು. ಭಗವಾನ್ ಮಹಾವೀರರ ನಿರ್ವಾಣಕಾಲದಲ್ಲಿ ಇಂದ್ರನು ಬಂದು, ಅಶುಭ ಗ್ರಹಯೋಗ ಕಳೆಯುವವರೆಗೆ ಆಯುಷ್ಯವನ್ನು ಕ್ಷಣಮಾತ್ರ ಮುಂದುವರಿಸಬೇಕೆಂದು ಬೇಡಿದನೆಂದೂ, ಅದು ತೀರ್ಥಂಕರರಿಗೂ ಸಾಧ್ಯವಿಲ್ಲವೆಂದು ಭಗವಂತರು ಉತ್ತರಿಸಿದರೆಂದೂ ಶ್ವೇತಾಂಬರ ಪರಂಪರೆಯ ಕಥನವಿದೆ. ತ್ರಿಲೋಕಪೂಜ್ಯರಿಗೆ ದೊರೆಯದ ಒಂದು ಕ್ಷಣ ನಮಗೆ ಹಣದಿಂದ ದೊರೆತೀತೇ?

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದಲ್ಲಿ ಸಲ್ಲೇಖನ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಜೀವಿತಾಶಂಸೆ, ಮರಣಾಶಂಸೆ, ಮಿತ್ರಾನುರಾಗ, ಸುಖಾನುಬಂಧ ಮತ್ತು ನಿದಾನ. ಇನ್ನಷ್ಟು ಬದುಕಬೇಕೆಂಬ ಹಂಬಲವು ಮೊದಲ ದೋಷ. ಬೇಗ ಸಾಯಬೇಕೆಂಬ ಹಂಬಲವು ಎರಡನೆಯ ದೋಷ. ಎರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದಾರೆ. ಬಾಡಿಗೆ ಅಂಗಡಿಯಲ್ಲಿ ಕುಳಿತ ಒಳ್ಳೆಯ ವ್ಯಾಪಾರಿಯು ಅವಧಿಗೆ ಮೊದಲೇ ಬಾಗಿಲು ಮುಚ್ಚಿ ಓಡುವುದಿಲ್ಲ. ಅವಧಿ ಮುಗಿದ ಮೇಲೆ ಕೀಲಿಕೈ ಕೊಡಲಾರೆನೆಂದು ಜಗಳವಾಡುವುದೂ ಇಲ್ಲ. ಬಾಕಿಗಳನ್ನು ತೀರಿಸಿ, ನಮಸ್ಕರಿಸಿ ಹೊರಡುತ್ತಾನೆ.

ಹಾಗೆ ಹೊರಟವರ ಲೆಕ್ಕಪುಸ್ತಕವೇ ಶ್ರವಣಬೆಳಗೊಳದ ಚಿಕ್ಕಬೆಟ್ಟ. ಅಲ್ಲಿಯ ಸುಮಾರು ಕ್ರಿ.ಶ. 600ರ ಶಾಸನವು ಹನ್ನೆರಡು ವರ್ಷಗಳ ಕ್ಷಾಮದ ಸೂಚನೆಯಿಂದ ದಕ್ಷಿಣಕ್ಕೆ ಬಂದ ಸಂಘವನ್ನೂ, ಕಾಲಕ್ರಮದಲ್ಲಿ ಅಲ್ಲಿ ಸಮಾಧಿ ಹೊಂದಿದ 700 ಋಷಿಗಳನ್ನೂ ನೆನೆಯುತ್ತದೆ. ಮುನಿಗಳಷ್ಟೇ ಅಲ್ಲ, ಅರಸರೂ ಈ ದಾರಿಯಲ್ಲಿ ನಡೆದರು. ಗಂಗರ ಮಾರಸಿಂಹನು ರಾಜ್ಯವನ್ನು ತೊರೆದು ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ, ರಾಷ್ಟ್ರಕೂಟರ ನಾಲ್ವಡಿ ಇಂದ್ರನು 982ರಲ್ಲಿ ಬೆಳಗೊಳದಲ್ಲಿ ಸಲ್ಲೇಖನವನ್ನು ಕೈಗೊಂಡರು.

ನಮಗೆ ಹತ್ತಿರದ ಕಾಲದಲ್ಲಿ, ಬೆಳಗಾವಿ ಸೀಮೆಯಲ್ಲಿ 1872ರಲ್ಲಿ ಜನಿಸಿದ ಆಚಾರ್ಯ ಶಾಂತಿಸಾಗರ ಮಹಾರಾಜರನ್ನು ಸ್ಮರಿಸೋಣ. ವೃದ್ಧಾಪ್ಯದಲ್ಲಿ ಕಣ್ಣಿನ ದೃಷ್ಟಿ ಕುಂದಿತು. ನೆಲದ ಮೇಲಿನ ಕ್ರಿಮಿಕೀಟ ಕಾಣದ ಕಣ್ಣಿನಿಂದ ಅಹಿಂಸಾ ಮಹಾವ್ರತವನ್ನು ಪಾಲಿಸುವುದು ಹೇಗೆ? ದೇಹಕ್ಕಾಗಿ ವ್ರತವನ್ನು ಬಿಡದೆ, ವ್ರತಕ್ಕಾಗಿ ದೇಹವನ್ನು ಬಿಡಲು ನಿಶ್ಚಯಿಸಿ, ಕುಂಥಲಗಿರಿಯಲ್ಲಿ 1955ರ ಸೆಪ್ಟೆಂಬರ್ 18ರಂದು ಸಮಾಧಿಸ್ಥರಾದರು.

ಇದನ್ನು ಆತ್ಮಹತ್ಯೆಯೆಂದು ತಿಳಿಯುವವರಿದ್ದಾರೆ. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಹಾಗೆಯೇ ತೀರ್ಪಿತ್ತಾಗ ದೇಶದಾದ್ಯಂತ ಜೈನರು ಮೌನ ಮೆರವಣಿಗೆ ನಡೆಸಿದರು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ನೀಡಿತು. ನ್ಯಾಯಾಲಯಕ್ಕೆ ಹೇಳುವ ಮಾತು ಹಾಗಿರಲಿ, ನಮ್ಮ ಮಕ್ಕಳಿಗೆ ಈ ಭೇದವನ್ನು ತಿಳಿಸಿದ್ದೇವೆಯೇ? ಸಾಲ, ನಷ್ಟ, ಪರೀಕ್ಷೆಯ ಸೋಲು, ಮನೆಯ ಕಲಹಗಳಿಂದ ಬೇಸತ್ತು ಪ್ರಾಣ ಕಳೆದುಕೊಳ್ಳುವುದು ಕಷಾಯದ ಫಲ, ಅದು ಹಿಂಸೆ. ಭಸ್ಮಕ ವ್ಯಾಧಿಯಿಂದ ನರಳಿದ ಸಮಂತಭದ್ರ ಸ್ವಾಮಿಗಳು ಸಲ್ಲೇಖನಕ್ಕೆ ಅಪ್ಪಣೆ ಬೇಡಿದಾಗ ಗುರುಗಳು ಒಪ್ಪಲಿಲ್ಲವೆಂದು ಪರಂಪರೆ ಹೇಳುತ್ತದೆ. ನಿನ್ನಿಂದ ಧರ್ಮಕಾರ್ಯ ಆಗಬೇಕಾಗಿದೆ, ರೋಗವನ್ನು ನೀಗಿಸಿಕೊಂಡು ಬಾ ಎಂಬುದು ಗುರುಗಳ ಆದೇಶ. ಅಷ್ಟು ದೊಡ್ಡವರಿಗೇ ದೊರೆಯದ ಅಪ್ಪಣೆಯನ್ನು ನಾವು ನಮಗೆ ನಾವೇ ಕೊಟ್ಟುಕೊಳ್ಳಬಹುದೇ? ಮನಸ್ಸು ಕುಗ್ಗಿದವರು ಮನೆಯವರಲ್ಲಿ, ಸಮಾಜದ ಹಿರಿಯರಲ್ಲಿ, ವೈದ್ಯರಲ್ಲಿ ಬಾಯಿಬಿಟ್ಟು ಹೇಳಿಕೊಳ್ಳಬೇಕು, ಕೇಳಿದವರು ಕೈಹಿಡಿಯಬೇಕು.

ಈಗ ನಮ್ಮ ಮನೆಗಳ ಮಾತು. ನಾರಾಯಣಪೇಟೆ, ಮಕ್ತಲ, ಗದ್ವಾಲಗಳಲ್ಲಿ ಹಿರಿಯರಿಗೆ ಕಾಯಿಲೆ ಹೆಚ್ಚಾದರೆ ರಾಯಚೂರಿಗೋ ಹೈದರಾಬಾದಿಗೋ ಕರೆದೊಯ್ಯುತ್ತೇವೆ. ಅದು ಮಕ್ಕಳ ಕರ್ತವ್ಯ. ಆದರೆ ಗುಣವಾಗುವ ಆಸೆಯಿಲ್ಲವೆಂದು ವೈದ್ಯರೇ ಹೇಳಿದ ಮೇಲೂ, ಜನರು ಏನೆಂದಾರೋ ಎಂಬ ಅಂಜಿಕೆಯಿಂದ ಯಂತ್ರಗಳ ನಡುವೆ ಅವರನ್ನು ಒಂಟಿಯಾಗಿ ಮಲಗಿಸುತ್ತೇವೆ. ಣಮೋಕಾರ ಮಂತ್ರ ಕೇಳಬೇಕಾದ ಕಿವಿಗೆ ಯಂತ್ರದ ಸದ್ದು ಮಾತ್ರ. ಇಂಥ ಸ್ಥಿತಿಯಲ್ಲಿ ತನಗೆ ಯಾವ ಚಿಕಿತ್ಸೆ ಬೇಡವೆಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಮಾನ್ಯ ಮಾಡಿದೆ. 2025ರಲ್ಲಿ ಕರ್ನಾಟಕ ಸರ್ಕಾರವು ಅದನ್ನು ಜಾರಿಗೊಳಿಸಲು ಆದೇಶ ಹೊರಡಿಸಿತು.

ಆದುದರಿಂದ ಅರವತ್ತು ದಾಟಿದ ನನ್ನಂಥವರಲ್ಲಿ ಮೂರು ವಿನಂತಿಗಳು. ಒಂದು, ಕೊನೆಗಾಲದಲ್ಲಿ ಏನು ಬೇಕು, ಏನು ಬೇಡ ಎಂಬುದನ್ನು ಬುದ್ಧಿ ನೆಟ್ಟಗಿರುವಾಗಲೇ ಮಕ್ಕಳಿಗೆ ತಿಳಿಸಿರಿ. ಎರಡು, ಕೊಡುವುದು, ಕೊಳ್ಳುವುದು, ಮನಸ್ತಾಪ ಎಲ್ಲವನ್ನೂ ಕ್ಷಮಾವಣಿಯ ದಿನವೇ ಚುಕ್ತಾ ಮಾಡಿರಿ. ಮುಂದಿನ ವರ್ಷಕ್ಕೆ ಬಾಕಿ ಒಯ್ಯಬೇಡಿರಿ. ಮೂರು, ಏಕಾಶನ, ರಸತ್ಯಾಗ, ಪರಿಗ್ರಹ ಪರಿಮಾಣಗಳನ್ನು ಶಕ್ತ್ಯಾನುಸಾರ ಈಗಿನಿಂದಲೇ ಅಭ್ಯಾಸ ಮಾಡಿರಿ. ಬಿಡುವುದನ್ನು ಕಲಿಯದವನು ಕೊನೆಯ ದಿನ ಒಮ್ಮೆಲೇ ಬಿಡಲಾರನು.

ಯುವಕರಿಗೆ ಒಂದೇ ಎಚ್ಚರಿಕೆ. ಹಿರಿಯರು ಭಾರವಾದರೆಂದು ವ್ರತದ ಮಾತನ್ನು ನೀವು ಎತ್ತಬಾರದು. ಸಲ್ಲೇಖನವು ಸ್ವೇಚ್ಛೆಯಿಂದ, ಗುರುವಿನ ಅನುಜ್ಞೆಯಿಂದ ಬರತಕ್ಕದ್ದು. ಒತ್ತಾಯದಿಂದ ಬಂದರೆ ಅದು ವ್ರತವಲ್ಲ, ಪಾಪ. ನಿಮ್ಮ ಪಾಲಿನದು ಸೇವೆ ಮಾತ್ರ.

ಆಯುಷ್ಯ ಎಷ್ಟೆಂಬುದು ನಮ್ಮ ಕೈಯಲ್ಲಿಲ್ಲ. ಇದ್ದಷ್ಟು ದಿನ ಯಾವ ಜೀವಿಗೂ ನೋವಾಗದಂತೆ ಬಾಳುವುದು, ಹೊರಡುವಾಗ ಯಾರ ಮೇಲೂ ದ್ವೇಷವಿಲ್ಲದೆ ಹೊರಡುವುದು ನಮ್ಮ ಕೈಯಲ್ಲಿದೆ. ಸರ್ವರಿಗೂ ಸಮಾಧಿಮರಣ ಲಭಿಸಲೆಂದು ಜಿನೇಂದ್ರ ಭಗವಂತರ ಚರಣಗಳಲ್ಲಿ ಪ್ರಾರ್ಥಿಸುತ್ತೇನೆ.

|| ಜೈ ಜಿನೇಂದ್ರ ||