ಮಾರ್ಮನರ ಕ್ರೈಸ್ತತನ

ಜೋಸೆಫ್ ಸ್ಮಿತ್ 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಸ್ಥಾಪಿಸಿದ, ಲೋಕ ಮಾರ್ಮನ್ ಎಂದು ಕರೆಯುವ ಸಭೆಯ ಅಧಿಕೃತ ಹೆಸರಿನಲ್ಲೇ ಯೇಸು ಕ್ರಿಸ್ತನಿದ್ದಾನೆ. ಅದರ ಸದಸ್ಯರು ತಂದೆ, ಮಗ, ಪವಿತ್ರಾತ್ಮರ ಹೆಸರಿನಲ್ಲಿ ದೀಕ್ಷಾಸ್ನಾನ ಪಡೆಯುತ್ತಾರೆ. ಕ್ರಿಸ್ತನ ಬಲಿಯ ನೆನಪಿಗೆ ಭಾನುವಾರದ ಆರಾಧನೆಯಲ್ಲಿ ರೊಟ್ಟಿ, ನೀರು ಸ್ವೀಕರಿಸುತ್ತಾರೆ. ಬೈಬಲಿನ ಜೊತೆಗೆ ಅವರು ಧರ್ಮಗ್ರಂಥವೆಂದು ನಂಬುವ ‘ಬುಕ್ ಆಫ್ ಮಾರ್ಮನ್’ನಲ್ಲಿ ಪುನರುತ್ಥಾನ ಹೊಂದಿದ ಯೇಸು ಅಮೆರಿಕ ಖಂಡದ ಜನರಿಗೆ ಕಾಣಿಸಿಕೊಳ್ಳುವುದೇ ಮುಖ್ಯ ಪ್ರಸಂಗ. 2012ರಲ್ಲಿ ಪ್ರಕಟವಾದ ಪ್ಯೂ ಸಂಶೋಧನಾ ಕೇಂದ್ರದ ಸಮೀಕ್ಷೆಯಲ್ಲಿ ಅಮೆರಿಕದ ಮಾರ್ಮನರ ಪೈಕಿ ಶೇ. 97ರಷ್ಟು ಮಂದಿ ತಮ್ಮದು ಕ್ರೈಸ್ತ ಧರ್ಮವೇ ಎಂದರು. ಆದರೆ ಪ್ರೊಟೆಸ್ಟೆಂಟರ ದೀಕ್ಷಾಸ್ನಾನವನ್ನು ಮಾನ್ಯ ಮಾಡುವ ವ್ಯಾಟಿಕನ್, ಮಾರ್ಮನರದ್ದು ಸಿಂಧುವಲ್ಲ ಎಂದು 2001ರಲ್ಲಿ ತೀರ್ಪಿತ್ತಿತು. ನನ್ನ ವಾದ ಇಷ್ಟು: ಮಾರ್ಮನರು ಕ್ರೈಸ್ತರೇ, ಹಾಗೆಂದು ಉಳಿದ ಸಭೆಗಳು ಅವರನ್ನು ತಮ್ಮ ಪಂಕ್ತಿಯಲ್ಲಿ ಕೂರಿಸಿಕೊಳ್ಳಲೇಬೇಕೆಂದಿಲ್ಲ.

ಒಪ್ಪದವರ ತಕರಾರನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ತಂದೆ, ಮಗ ಇಬ್ಬರ ತತ್ತ್ವವೂ ಒಂದೇ ಎಂದು ಕ್ರಿ.ಶ. 325ರ ನೈಸಿಯಾ ಮಹಾಸಭೆ ಘೋಷಿಸಿತು. ಕ್ಯಾಥೊಲಿಕ್, ಆರ್ಥೊಡಾಕ್ಸ್, ಬಹುಪಾಲು ಪ್ರೊಟೆಸ್ಟೆಂಟ್ ಸಭೆಗಳಿಗೆಲ್ಲ ಅದೇ ಅಡಿಪಾಯ. ಸ್ಮಿತ್ ಬೋಧಿಸಿದ್ದು ಬೇರೆಯೇ: ತಂದೆಗೆ ಮಾಂಸ, ಮೂಳೆಗಳ ದೇಹವಿದೆ, ಮೂವರೂ ಪ್ರತ್ಯೇಕರು, ಸಂಕಲ್ಪದಲ್ಲಿ ಮಾತ್ರ ಒಂದು. ಹತ್ಯೆಯಾಗುವ ಕೆಲವೇ ವಾರಗಳ ಮುಂಚೆ, 1844ರ ಏಪ್ರಿಲ್‌ನ ಪ್ರವಚನದಲ್ಲಿ, ದೇವರೂ ಒಂದು ಕಾಲಕ್ಕೆ ಮನುಷ್ಯನಂತಿದ್ದನು, ಮನುಷ್ಯನೂ ಆ ಪದವಿಗೆ ಏರಬಲ್ಲನು ಎಂದ. ಸೃಷ್ಟಿಕರ್ತನಿಗೂ ಸೃಷ್ಟಿಗೂ ನಡುವೆ ಹಳೆಯ ಸಭೆಗಳು ಎಳೆದಿದ್ದ ಗೆರೆಯೇ ಇಲ್ಲಿ ಅಳಿಸಿಹೋಗುತ್ತದೆ. ಉಚ್ಚರಿಸುವ ಮಂತ್ರ ಒಂದೇ ಆದರೂ ಅದು ಕರೆಯುವ ದೇವರು ಒಬ್ಬನೇ ಅಲ್ಲ ಎಂಬುದು ವ್ಯಾಟಿಕನ್ ತೀರ್ಪಿನ ತಿರುಳು.

ಆದರೆ ನೈಸಿಯಾವನ್ನೇ ಒರೆಗಲ್ಲು ಮಾಡಿಕೊಂಡರೆ ಬೇಡದ ಫಲವೂ ಬರುತ್ತದೆ. ಆ ಸೂತ್ರ ರೂಪುಗೊಳ್ಳುವ ಮೊದಲೇ ಸುಮಾರು ಮೂರು ಶತಮಾನ ಜನ ಕ್ರಿಸ್ತನನ್ನು ನಂಬಿ ಬಾಳಿದ್ದರು, ಅವನಿಗಾಗಿ ಸತ್ತಿದ್ದರು. ಅವರಿಗೆ ಸೂತ್ರ ಗೊತ್ತಿರಲಿಲ್ಲ, ಮಾರ್ಮನರು ಗೊತ್ತಿದ್ದೂ ತಿರಸ್ಕರಿಸುತ್ತಾರೆ ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜ; ಆದರೆ ಗೊತ್ತಿದ್ದೂ ತಿರಸ್ಕರಿಸಿದವರಲ್ಲಿ ಅವರು ಮೊದಲಿಗರೇನಲ್ಲ. ಮಗನು ತಂದೆಗೆ ಸಮನಲ್ಲ ಎಂದ ಆರಿಯಸ್‌ನ ಪಂಥ ನಾಲ್ಕನೆಯ ಶತಮಾನದಲ್ಲಿ ಗಾಥ್ ಜನರ ನಡುವೆ ಹಬ್ಬಿತು. ಅವರ ಬಿಷಪ್ ಉಲ್ಫಿಲಾಸ್ ಬೈಬಲನ್ನು ಗಾಥಿಕ್ ಭಾಷೆಗೆ ತಂದ. ಇತಿಹಾಸಕಾರರು ಅವರನ್ನು ಏರಿಯನ್ (ಆರಿಯಸ್ ಪಂಥದ) ಕ್ರೈಸ್ತರೆಂದೇ ಕರೆಯುತ್ತಾರೆ. ಪಾಷಂಡಿ ಎಂಬ ಆರೋಪವೂ ಒಳಗಿನವರ ಮೇಲಷ್ಟೇ ನಿಲ್ಲುತ್ತದೆ. ಬೌದ್ಧನೊಬ್ಬನನ್ನು ಕ್ರೈಸ್ತ ಪಾಷಂಡಿ ಎಂದು ಯಾರೂ ದೂರುವುದಿಲ್ಲ.

ಹಾಗಾದರೆ ಯೇಸುವನ್ನು ಗೌರವಿಸುವವರೆಲ್ಲ ಕ್ರೈಸ್ತರೇ? ಅಲ್ಲ. ಮುಸ್ಲಿಮರು ಈಸಾರನ್ನು ಮರಿಯಮ್‌ರ ಮಗನೆಂದೂ ಪ್ರವಾದಿಯೆಂದೂ ಆದರಿಸುತ್ತಾರೆ. ಆದರೆ ದೇವರ ಮಗನೆಂದು ಒಪ್ಪುವುದಿಲ್ಲ, ತಾವು ಕ್ರೈಸ್ತರೆಂದು ಹೇಳಿಕೊಳ್ಳುವುದೂ ಇಲ್ಲ. ಮಾರ್ಮನರಿಗಾದರೋ ಯೇಸು ದೇವರ ಮಗ, ಲೋಕದ ಪಾಪಕ್ಕೆ ಪ್ರಾಯಶ್ಚಿತ್ತ ತೆತ್ತು ಸಾವನ್ನು ಗೆದ್ದು ಎದ್ದವನು, ಅವನಿಲ್ಲದೆ ರಕ್ಷಣೆಯಿಲ್ಲ. ಮುಸ್ಲಿಮರ ಹೋಲಿಕೆಗಿಂತ ಗಟ್ಟಿಯಾದ ಆಕ್ಷೇಪ ವಿದ್ವಾಂಸೆ ಜಾನ್ ಶಿಪ್ಸ್ ಅವರ 1985ರ ಗ್ರಂಥದಿಂದ ಹುಟ್ಟುತ್ತದೆ: ಯಹೂದಿ ಧರ್ಮದಿಂದ ಕ್ರೈಸ್ತ ಧರ್ಮ ಕವಲೊಡೆದಂತೆ, ಕ್ರೈಸ್ತ ಧರ್ಮದಿಂದ ಮಾರ್ಮನರದ್ದು ಹೊಸ ಪರಂಪರೆಯಾಗಿ ಕವಲೊಡೆದಿದೆ. ಹೊಸ ಗ್ರಂಥ, ಹೊಸ ಪ್ರವಾದಿ ಇರುವುದರಿಂದ ಈ ಹೋಲಿಕೆಗೆ ಬಲವಿದೆ. ಆದರೆ ಅಲ್ಲಿ ಕೊನೆಗೆ ಎರಡೂ ಕಡೆಯವರು ತಮ್ಮ ಗುರುತನ್ನು ಬೇರೆ ಮಾಡಿಕೊಂಡರು. ಇಲ್ಲಿ ಕವಲು ತನ್ನ ಬುಡವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತಿದೆ. 1982ರಲ್ಲಿ ‘ಬುಕ್ ಆಫ್ ಮಾರ್ಮನ್’ಗೆ ಯೇಸು ಕ್ರಿಸ್ತನ ಮತ್ತೊಂದು ಸಾಕ್ಷ್ಯವೆಂಬ ಉಪಶೀರ್ಷಿಕೆ ಸೇರಿತು. 2018ರಲ್ಲಿ ಸಭೆಯ ಅಧ್ಯಕ್ಷ ರಸೆಲ್ ನೆಲ್ಸನ್, ಮಾರ್ಮನ್ ಎಂಬ ಅಡ್ಡಹೆಸರು ಬಿಟ್ಟು ಕ್ರಿಸ್ತನ ಹೆಸರಿರುವ ಪೂರ್ಣನಾಮವನ್ನೇ ಬಳಸಿ ಎಂದು ಕೇಳಿಕೊಂಡರು.

ಇಷ್ಟಾದರೂ ವ್ಯಾಟಿಕನ್ ಅನ್ಯಾಯ ಮಾಡಿತು ಎನ್ನಲು ಮಾರ್ಮನರಿಗೆ ಬಾಯಿಲ್ಲ. ಅಪೊಸ್ತಲರ ನಂತರ ನಿಜವಾದ ಸಭೆ ಭೂಮಿಯಿಂದ ಮರೆಯಾಯಿತು, ಸ್ಮಿತ್ ಮೂಲಕ ಅದು ಮರಳಿತು ಎಂಬುದು ಅವರ ನಂಬಿಕೆ. ಆದ್ದರಿಂದ ಕ್ಯಾಥೊಲಿಕನೊಬ್ಬ ತಮ್ಮಲ್ಲಿಗೆ ಬಂದರೆ ಅವರೂ ಹೊಸದಾಗಿ ದೀಕ್ಷಾಸ್ನಾನ ಮಾಡಿಸುತ್ತಾರೆ. ಆದರೂ ಅವನು ಅದುವರೆಗೆ ಕ್ರೈಸ್ತನೇ ಆಗಿರಲಿಲ್ಲ ಎನ್ನುವುದಿಲ್ಲ. ಸಂಸ್ಕಾರ ಮಾನ್ಯವೇ ಎಂಬುದು ಒಂದು ಪ್ರಶ್ನೆ, ವ್ಯಕ್ತಿ ಯಾವ ಧರ್ಮದವನು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಆಯಾ ಸಭೆಯೇ ಉತ್ತರಿಸಲಿ. ಎರಡನೆಯದು ಇತಿಹಾಸಕಾರನಿಗೆ, ಪತ್ರಕರ್ತನಿಗೆ, ಸರ್ಕಾರಕ್ಕೆ ಸೇರಿದ್ದು. ಬೆಂಗಳೂರಿನಲ್ಲಿ ದೇಗುಲ ಕಟ್ಟುವುದಾಗಿ ಆ ಸಭೆ 2018ರಲ್ಲಿ ಘೋಷಿಸಿದ ಮೇಲೆ ನಮಗೂ ಸೇರಿದ್ದು. ಮಾರ್ಮನ್ ಆದ ಅಮೆರಿಕದ ರಾಜಕಾರಣಿ ಮಿಟ್ ರಾಮ್ನಿ ಕ್ರೈಸ್ತನಲ್ಲ ಎಂದು 2011ರಲ್ಲಿ ಸಾರಿದ ಟೆಕ್ಸಾಸಿನ ಪಾಸ್ಟರ್ ರಾಬರ್ಟ್ ಜೆಫ್ರೆಸ್, ಮರುವರ್ಷ ಅಧ್ಯಕ್ಷ ಚುನಾವಣೆಯಲ್ಲಿ ಅವರನ್ನೇ ಬೆಂಬಲಿಸಿದರು. ಆರಾಧನೆಯ ಪಂಕ್ತಿಯ ನಿಯಮ ಹೊರಗಿನ ವ್ಯವಹಾರಕ್ಕೆ ಸಲ್ಲದೆಂದು ಅವರ ನಡೆಯೇ ಒಪ್ಪಿಕೊಂಡಂತಾಯಿತು. ನೈಸಿಯಾದ ದಾರಿ ಹಿಡಿಯದ ಕ್ರೈಸ್ತರು ಎಂದು ಮಾರ್ಮನರನ್ನು ಗುರುತಿಸಿದರೆ ಅವರ ನಂಬಿಕೆಗೂ ಅಪಚಾರವಾಗುವುದಿಲ್ಲ, ಉಳಿದವರ ಭಿನ್ನಮತವೂ ಮರೆಯಾಗುವುದಿಲ್ಲ.