ಅರಿಯದೆ ತಂದ ಕೇಡು

ಅರಿಯದೆ ಮಾಡಿದ ಕರ್ಮಕ್ಕೆ ಕರ್ತನು ಎಷ್ಟರಮಟ್ಟಿಗೆ ಹೊಣೆ ಎಂಬುದು ನಮ್ಮ ಧರ್ಮಶಾಸ್ತ್ರಕಾರರು ಬಹುವಾಗಿ ಚರ್ಚಿಸಿದ ವಿಷಯವು. ಬುದ್ಧಿಪೂರ್ವಕವಾಗಿ ಮಾಡಿದ ಪಾಪವೊಂದು, ಅಬುದ್ಧಿಪೂರ್ವಕವಾಗಿ ಆದುದೊಂದು ಎಂದು ಅವರು ವಿಂಗಡಿಸಿ, ಎರಡನೆಯದಕ್ಕೆ ಲಘುವಾದ ಪ್ರಾಯಶ್ಚಿತ್ತವನ್ನು ವಿಧಿಸಿದರು, ಪ್ರಾಯಶ್ಚಿತ್ತವೇ ಬೇಡವೆನ್ನಲಿಲ್ಲ. ಈ ಸೂಕ್ಷ್ಮವನ್ನು ಶಿಷ್ಯರಿಗೆ ಎಷ್ಟೋ ವರ್ಷ ಹೇಳಿಕೊಟ್ಟಿದ್ದೇನೆ. ಅದರ ತಿರುಳು ನನಗೆ ಸ್ಪಷ್ಟವಾದುದು ಮಾತ್ರ ಪಾಶ್ಚಾತ್ಯರ ದ್ರಾಕ್ಷಿಯ ತೋಟಗಳ ಚರಿತ್ರೆಯನ್ನು ಓದುವಾಗ. ಮದ್ಯದ ಮಾತು ಇಲ್ಲೇಕೆ ಎಂದು ವಾಚಕರು ಹುಬ್ಬು ಗಂಟಿಕ್ಕಬಾರದು. ನನಗೆ ಬೇಕಾದುದು ರಸವಲ್ಲ, ಬೇರು.

೧೮೩೧ರಲ್ಲಿ ಜೇಮ್ಸ್ ಬಸ್ಬಿ ಎಂಬಾತನು ಸ್ಪೆಯಿನ್ ಮತ್ತು ಫ್ರಾನ್ಸ್ ದೇಶಗಳ ದ್ರಾಕ್ಷಿಯ ಸೀಮೆಗಳನ್ನು ಸುತ್ತಿದನು. ಆಸ್ಟ್ರೇಲಿಯದ ಹಂಟರ್ ಕಣಿವೆಯಲ್ಲಿ ಅವನಿಗೆ ಭೂಮಿಯಿದ್ದಿತು. ಹೆರೆಸ್‌ನಿಂದ ಷಾಂಪೇನ್‌ವರೆಗೆ ಹೋದೆಡೆಯಲ್ಲೆಲ್ಲ ಮಣ್ಣನ್ನು ನೋಡಿದನು, ಬೇಸಾಯದ ಕ್ರಮವನ್ನು ವಿಚಾರಿಸಿದನು, ಕಂಡುದನ್ನು ದಿನಚರಿಯಲ್ಲಿ ಬರೆದನು. ಮಾಂಪೆಲಿಯೇ ನಗರದ ಸಸ್ಯೋದ್ಯಾನದವರು ನೂರಾರು ಜಾತಿಯ ಬಳ್ಳಿಗಳ ಕಡ್ಡಿಗಳನ್ನು ಅವನಿಗೆ ಕೊಟ್ಟರು. ಹೀಗೆ ಕೂಡಿದ ೫೦೦ಕ್ಕೂ ಮಿಕ್ಕ ಜಾತಿಗಳನ್ನು ಅವನು ತನ್ನದೆಂದು ಅಡಗಿಸಿಡದೆ ಸರ್ಕಾರಕ್ಕೆ ಒಪ್ಪಿಸಿದನು. ಸಮುದ್ರಯಾನವನ್ನು ತಾಳಿ ಸಿಡ್ನಿಯ ಉದ್ಯಾನದಲ್ಲಿ ಚಿಗುರಿದವು ೩೦೦ಕ್ಕೂ ಹೆಚ್ಚು. ದಾನವೆಂದರೆ ಇದೇ ಎಂದು ಯಾರಾದರೂ ಹೊಗಳಿಯಾರು.

ಇನ್ನು ಎರಡನೆಯ ಕಥೆ. ಫ್ರಾನ್ಸ್ ದೇಶದ ರೋಣ್ ನದಿಯ ದಡದಲ್ಲಿ ರೊಕ್‌ಮೋರ್ ಎಂಬ ಊರಿದೆ. ಅಲ್ಲಿನ ದ್ರಾಕ್ಷಾಸವದ ವರ್ತಕನೊಬ್ಬನಿಗೆ ೧೮೬೨ರಲ್ಲಿ ನ್ಯೂಯಾರ್ಕಿನಿಂದ ಅಮೆರಿಕದ ಬಳ್ಳಿಗಳು ಬಂದವು. ಅವನ್ನು ಮನೆಯ ಹಿತ್ತಿಲ ಪುಟ್ಟ ತೋಟದಲ್ಲಿ ನೆಟ್ಟನು. ಮರುವರ್ಷದಿಂದಲೇ ಸುತ್ತಣ ತೋಟಗಳು ಕಾರಣ ತಿಳಿಯದೆ ಸೊರಗಲಾರಂಭಿಸಿದವು. ಸತ್ತ ಬಳ್ಳಿಯನ್ನು ಕಿತ್ತು ನೋಡಿದರೆ ಬೇರಿನಲ್ಲಿ ಏನೂ ಇಲ್ಲ! ೧೮೬೮ರಲ್ಲಿ ಪ್ಲಾಂಶೋನ್ ಮೊದಲಾದವರು ಇನ್ನೂ ಜೀವವಿದ್ದ ಬಳ್ಳಿಯ ಬೇರನ್ನು ಅಗೆದಾಗ ಹಳದಿಯ ಸಣ್ಣ ಹೇನುಗಳು ಮುತ್ತಿಕೊಂಡಿರುವುದು ಕಂಡಿತು. ಫಿಲೋಕ್ಸೆರ ಎಂದು ಅದರ ಹೆಸರು. ಬಳ್ಳಿ ಸತ್ತೊಡನೆ ಅದು ಪಕ್ಕದ ಹಸಿಯ ಬೇರಿಗೆ ಸಾಗುವುದು. ಆದುದರಿಂದ ಸತ್ತುದರಲ್ಲಿ ಹುಡುಕಿದವರಿಗೆ ಸಿಕ್ಕಲಿಲ್ಲ. ಅದು ಮುಂದೆ ಯೂರೋಪಿನ ಬಹುಭಾಗದ ತೋಟಗಳನ್ನು ನುಂಗಿತು. ಎಷ್ಟೋ ಒಕ್ಕಲುಗಳು ಊರು ಬಿಟ್ಟುಹೋದವು.

ಬಸ್ಬಿ ಮಾಡಿದುದೂ ವರ್ತಕನು ಮಾಡಿದುದೂ ಬೇರೆ ಬೇರೆಯೆ? ಇಬ್ಬರೂ ಕಡಲಾಚೆಯಿಂದ ಬಳ್ಳಿಯನ್ನು ತಂದು ನೆಟ್ಟರು. ಒಬ್ಬನದು ಪುಣ್ಯವೆಂದೂ ಇನ್ನೊಬ್ಬನದು ಪಾಪವೆಂದೂ ಫಲವನ್ನು ನೋಡಿ ಹೇಳುವುದಾದರೆ ಧರ್ಮವು ಜೂಜಾಗುವುದು. ನನ್ನ ನೈಯಾಯಿಕ ಮಿತ್ರರೊಬ್ಬರು, "ಸಂಕಲ್ಪವಿಲ್ಲದೆಡೆ ದೋಷವೆಲ್ಲಿಯದು? ವರ್ತಕನು ಯಾರಿಗೂ ಏನೂ ಸಲ್ಲಿಸಬೇಕಾಗಿಲ್ಲ" ಎನ್ನುತ್ತಾರೆ. ದೋಷವಿಲ್ಲವೆಂಬುದನ್ನು ನಾನೂ ಒಪ್ಪುವೆನು. ಆದರೆ ದೋಷ ಬೇರೆ, ಋಣ ಬೇರೆ. ನನ್ನ ಎಮ್ಮೆ ನಾನರಿಯದೆ ನೆರೆಯವನ ಪೈರನ್ನು ಮೇಯ್ದರೆ ನಾನು ಕಳ್ಳನಾಗುವುದಿಲ್ಲ. ಆದರೂ ಅವನ ಮನೆಯ ಬಾಗಿಲಿಗೆ ಹೋಗಲೇಬೇಕು.

ಇದಕ್ಕಿಂತ ಕಠಿನವಾದುದು ಮುಂದಿನ ಸಂಗತಿ. ಆ ಹೇನಿನೊಡನೆ ಚಿರಕಾಲ ಬಾಳಿದ ಅಮೆರಿಕದ ಬಳ್ಳಿಯ ಬೇರು ಅದರ ಕಚ್ಚನ್ನು ತಾಳಬಲ್ಲುದೆಂದು ಗೊತ್ತಾಯಿತು. ಅದರ ಮೇಲೆ ಯೂರೋಪಿನ ಬಳ್ಳಿಯನ್ನು ಕಸಿಕಟ್ಟಿ ತೋಟಗಳನ್ನು ಉಳಿಸಿದರು. ೧೮೮೭ರಲ್ಲಿ ವಿಯಲಾ ಎಂಬ ಪಂಡಿತನು ತಕ್ಕ ಬೇರನ್ನು ಅರಸುತ್ತ ಅಮೆರಿಕವನ್ನೇ ಸಂಚರಿಸಿದನು. ಟೆಕ್ಸಸ್ ಪ್ರಾಂತದ ಮನ್ಸನ್ ಎಂಬಾತನು ಸುಣ್ಣದ ನೆಲಕ್ಕೆ ಒಗ್ಗುವ ಬಳ್ಳಿಗಳನ್ನು ತೋರಿಸಿಕೊಟ್ಟನು. ರೋಗದ ಊರಿನಿಂದಲೇ ಔಷಧ! ಆದರೆ ಹೀಗೆ ತರಿಸಿದ ಬಳ್ಳಿಗಳೊಡನೆ ೧೮೭೮ರ ಹೊತ್ತಿಗೆ ಬೂಜುರೋಗವು ಬಂದಿಳಿದು ಎಲೆಗಳನ್ನು ಒಣಗಿಸಿತು. ಮೊದಲ ಸಲ ಯಾರಿಗೂ ಗೊತ್ತಿರಲಿಲ್ಲ. ಎರಡನೆಯ ಸಲಕ್ಕೆ ಆ ಮಾತನ್ನು ಅಷ್ಟು ಸುಲಭವಾಗಿ ಆಡುವಂತಿರಲಿಲ್ಲ. ಹಡಗು ಕರೆದ ಅತಿಥಿಯನ್ನಲ್ಲದೆ ಕರೆಯದವನನ್ನೂ ತರುವುದೆಂದು ತಿಳಿದ ಮೇಲೆ, ಯಾವನು ಬರುವನೆಂದು ತಿಳಿಯದಿದ್ದರೂ ಬಾಗಿಲಲ್ಲಿ ನಿಂತು ನೋಡುವುದು ಸಾಧ್ಯವಿತ್ತು. ಅರಿಯಲಾಗದ ಅಜ್ಞಾನವೂ ಅರಿಯಲೊಲ್ಲದ ಅಜ್ಞಾನವೂ ಶಾಸ್ತ್ರದಲ್ಲಿ ಒಂದೇ ತೂಕದವಾಗಲಾರವು. ಆದರೆ ತೋಟವೆಲ್ಲ ಸಾಯುತ್ತಿರುವಾಗ ಮನೆಮಕ್ಕಳ ಅನ್ನವನ್ನು ನೆನೆದು ಅವಸರಪಟ್ಟ ಒಕ್ಕಲಿಗನನ್ನು ಯಾವ ತಕ್ಕಡಿಯಲ್ಲಿಡುವುದು? ಇಲ್ಲಿ ನನ್ನ ಮಿತ್ರರೂ ಸುಮ್ಮನಾದರು.

ಅದೇ ೧೮೭೮ರಲ್ಲಿ ಯೂರೋಪಿನ ಕೆಲವು ರಾಜ್ಯಗಳು ಬೆರ್ನ್ ನಗರದಲ್ಲಿ ಸೇರಿ, ದ್ರಾಕ್ಷಿಯ ಬಳ್ಳಿಗಳು ಗಡಿ ದಾಟುವುದಕ್ಕೆ ಕಟ್ಟುಪಾಡುಗಳನ್ನು ಮಾಡಿದವು. ಬಸ್ಬಿಯಂತೆ ಕಂಡಕಂಡಲ್ಲಿ ಕಡ್ಡಿ ಮುರಿದು ಕಟ್ಟಿಕೊಂಡು ಹಡಗು ಹತ್ತುವ ಸ್ವಾತಂತ್ರ್ಯವು ಅಂದಿನಿಂದ ಕ್ಷೀಣಿಸುತ್ತ ಬಂದಿತು.